ಟೋಟಲ್ ಲಾಸ್ ಆದ ಕಾರಿಗೆ ವಿಮೆ: ಉತ್ತರ ಕನ್ನಡದ ರಸ್ತೆಗಳಿಂದ ನೋಡಿದ ವಿಮರ್ಶೆ

ಕಾರು ರಿಪೇರಿಗೆ ಬಾರದಷ್ಟು ಹಾಳಾದಾಗ ಕೈಗೆ ಬರುವ ಹಣವನ್ನು ಮೂರು ಅಂಕಿಗಳು ತೀರ್ಮಾನಿಸುತ್ತವೆ: ಪಾಲಿಸಿ ಹಾಳೆಯ ಮೇಲಿನ ಐಡಿವಿ (ಕಾರಿಗೆ ವಿಮೆ ಮಾಡಿಸಿದ ಬೆಲೆ), ಹಾನಿ ಅಳೆಯುವ ಸರ್ವೇಯರ್ ಒಪ್ಪಿದ ರಿಪೇರಿ ಖರ್ಚು, ಹಾಳಾದ ಗಾಡಿಗೆ ಕಟ್ಟಿದ ಗುಜರಿ ಬೆಲೆ. ಮೊದಲನೆಯದು ಅಪಘಾತಕ್ಕೆ ಮೊದಲೇ ನಿಗದಿಯಾಗಿ ಹೋಗಿರುತ್ತದೆ. ಮಾತುಕತೆಗೆ ಉಳಿಯುವುದು ಮಿಕ್ಕ ಎರಡು. ಆದರೆ ಹೆಚ್ಚಿನ ಮಾಲೀಕರು ಮೊದಲನೆಯದರ ಮೇಲೆ ವಾದ ಮಾಡಿ ಸುಸ್ತಾಗಿ, ಮೂರನೆಯದಕ್ಕೆ ಓದದೆ ಸಹಿ ಹಾಕುತ್ತಾರೆ. ಹಣ ಸೋರುವುದು ಅಲ್ಲಿಯೇ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಕಂಪನಿಯನ್ನಲ್ಲ, ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯನ್ನು, ಅಂದರೆ ಎಲ್ಲರೂ ಫುಲ್ ಇನ್ಶೂರೆನ್ಸ್ ಎನ್ನುವುದನ್ನು. ಸರ್ಕಾರಿ ಕಂಪನಿಯಿರಲಿ ಖಾಸಗಿ ಕಂಪನಿಯಿರಲಿ, ಮೂಲ ಬರಹ ಬಹುತೇಕ ಒಂದೇ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದದ್ದು. ಬರಹಕ್ಕೆ 5ರಲ್ಲಿ 4 ಅಂಕ ಕೊಡಬಹುದು. ಸರ್ವೇ ನಡೆಯುವ ರೀತಿಗೆ 3. ಗುಜರಿ ಬೆಲೆ ಕಟ್ಟುವ ರೀತಿಗೆ 2ಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಸ್ವಂತ ಕಾರಿನ ಹಾನಿಗೆ ಏನೂ ಸಿಗದು, ಅವರಿಗೆ ಈ ಬರಹದ ಉಪಯೋಗವಿಲ್ಲ.

ಪಾಲಿಸಿ ಬರಹದ ದೊಡ್ಡ ಗುಣ, ನಮ್ಮ ಜಿಲ್ಲೆಗೆ ಬೇಕಾದ ಅಪಾಯಗಳೆಲ್ಲ ಅದರಲ್ಲಿ ಹೆಸರು ಹಿಡಿದು ಬಂದಿವೆ. ಪ್ರವಾಹ, ಚಂಡಮಾರುತ, ಬಿರುಗಾಳಿ, ಸಿಡಿಲು, ಬೆಂಕಿ, ಗುಡ್ಡ ಕುಸಿತ, ಬಂಡೆ ಉರುಳುವುದು ಎಲ್ಲವೂ ಮೂಲ ಪಾಲಿಸಿಯಲ್ಲೇ ಸೇರಿವೆ, ಬೇರೆ ಪ್ರೀಮಿಯಂ ಬೇಕಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದಂಥ ಘಟನೆಯಲ್ಲಿ, ಅಥವಾ ಅರಬೈಲ್, ದೇವಿಮನೆ, ಅಣಶಿ ಘಟ್ಟಗಳಲ್ಲಿ ಮಳೆಗಾಲದಲ್ಲಿ ಕಲ್ಲು ಮಣ್ಣು ಬಿದ್ದು ಕಾರು ಜಜ್ಜಿಹೋದರೆ, ‘ದೇವರ ಕೃತ್ಯ, ಕ್ಲೇಮ್ ಬರಲ್ಲ’ ಎಂದು ಯಾರಾದರೂ ಹೇಳಿದರೆ ಅದು ತಪ್ಪು ಮಾಹಿತಿ.

ಐಡಿವಿ ಅಂದರೆ ಕಾರು ತಯಾರಕರ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಬಂದ ಮೊತ್ತ. ಕಾರಿಗೆ 6 ತಿಂಗಳಾಗುವ ತನಕ ಶೇ 5, ಒಂದು ವರ್ಷದ ತನಕ ಶೇ 15, ಎರಡರ ತನಕ ಶೇ 20, ಮೂರರ ತನಕ ಶೇ 30, ನಾಲ್ಕರ ತನಕ ಶೇ 40, ಐದರ ತನಕ ಶೇ 50. ಐದು ವರ್ಷ ದಾಟಿದ ಕಾರಿಗೆ ಮಾಲೀಕರೂ ಕಂಪನಿಯೂ ಒಪ್ಪಿದ ಬೆಲೆ. ರಸ್ತೆ ತೆರಿಗೆ, ನೋಂದಣಿ ಖರ್ಚು, ವಿಮೆಯ ಹಣ ಇದರಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ ಕಾರಿನ ಬೆಲೆ ನೋಡಿಕೊಂಡು ಜೀವಿತಾವಧಿ ತೆರಿಗೆಯೇ ಶೇ 13ರಿಂದ 18ರ ತನಕ ಇದೆ, ಮೇಲೆ ಸೆಸ್ ಬೇರೆ. ಹೊಸ ಕಾರು ಕಳೆದುಕೊಂಡವರಿಗೆ ದೊಡ್ಡ ಹೊಡೆತ ಬೀಳುವುದು ಇದರಿಂದ. ಮೊದಲ ಮೂರು ವರ್ಷ ‘ರಿಟರ್ನ್ ಟು ಇನ್ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡರೆ ಈ ಅಂತರ ತುಂಬುತ್ತದೆ. ತೆಗೆದುಕೊಂಡವರು ಮೂಲ ಇನ್ವಾಯ್ಸನ್ನೂ ತೆರಿಗೆ ರಸೀದಿಯನ್ನೂ ಜೋಪಾನ ಮಾಡಬೇಕು.

ಏಜೆಂಟರು ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನೇ ಇಳಿಸುವುದುಂಟು. ನವೀಕರಣದಲ್ಲಿ ಉಳಿಯುವುದು ಕೆಲವು ನೂರು ರೂಪಾಯಿ, ಟೋಟಲ್ ಲಾಸ್ ಆದ ದಿನ ಹೋಗುವುದು ಹತ್ತಾರು ಸಾವಿರ. ಅಪಘಾತವಾದ ಮೇಲೆ ‘ಮಾರ್ಕೆಟ್‌ನಲ್ಲಿ ಈ ಕಾರಿಗೆ ಇನ್ನೂ ಹೆಚ್ಚು ಇದೆ’ ಎಂದು ಹಳೆ ಕಾರಿನ ಜಾಹೀರಾತು ತೋರಿಸಿ ಪ್ರಯೋಜನವಿಲ್ಲ. ಪಾಲಿಸಿ ಅವಧಿಯುದ್ದಕ್ಕೂ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕೆಂದು ಬರಹವೇ ಹೇಳುತ್ತದೆ. ಈ ಸಾಲು ಎರಡೂ ಕಡೆಯವರನ್ನು ಕಟ್ಟುತ್ತದೆ ಎಂಬುದನ್ನು ಮಾಲೀಕರು ಬಳಸಿಕೊಳ್ಳಬೇಕು. ಪಾಲಿಸಿ ಶುರುವಾಗಿ ಹತ್ತು ತಿಂಗಳಾಗಿದೆ ಎಂದು ಮತ್ತೊಮ್ಮೆ ಸವಕಳಿ ಕಳೆಯುವಂತಿಲ್ಲ. ತಾನೇ ಒಪ್ಪಿ ಪ್ರೀಮಿಯಂ ಪಡೆದ ಬೆಲೆಯನ್ನು ಕಂಪನಿ ಕ್ಲೇಮ್ ಬಂದಾಗ ಅಲ್ಲಗಳೆಯಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಧರ್ಮೇಂದ್ರ ಗೋಯೆಲ್ ಪ್ರಕರಣದಲ್ಲಿ ಹೇಳಿದೆ.

ಶೇ 75ರ ಗೆರೆ

ರಿಪೇರಿ ಮತ್ತು ಎತ್ತಿ ತರುವ ಖರ್ಚು ಐಡಿವಿಯ ಶೇ 75 ದಾಟಿದರೆ ಅದು ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್, ಅಂದರೆ ರಿಪೇರಿ ಸಾಧ್ಯವಿದ್ದರೂ ಪೂರ್ತಿ ನಷ್ಟವೆಂದೇ ಲೆಕ್ಕ. ಬಹಳ ಜನ ತಪ್ಪು ತಿಳಿಯುವುದು ಇಲ್ಲಿ: ಗ್ಯಾರೇಜಿನ ಎಸ್ಟಿಮೇಟ್ ದಾಟಿದರೆ ಸಾಕು ಎಂದುಕೊಳ್ಳುತ್ತಾರೆ. ಪಾಲಿಸಿ ಷರತ್ತುಗಳಿಗೆ ಒಳಪಟ್ಟ ಖರ್ಚು, ಅಂದರೆ ಸವಕಳಿ ಕಳೆದು ಸರ್ವೇಯರ್ ಒಪ್ಪಿದ ಮೊತ್ತ ದಾಟಬೇಕು.

ಲೆಕ್ಕ ಹಾಕಿ ನೋಡೋಣ. ಪಟ್ಟಿ ಬೆಲೆ 8,00,000, ಕಾರಿಗೆ ಮೂರು ವರ್ಷ ದಾಟಿ ನಾಲ್ಕು ತುಂಬಿಲ್ಲ, ಐಡಿವಿ 4,80,000. ಗೆರೆ 3,60,000. ಗ್ಯಾರೇಜ್ ಎಸ್ಟಿಮೇಟ್ ಹೀಗಿದೆ: ಲೋಹದ ಭಾಗ 1,80,000; ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್ ಸೇರಿ 1,20,000; ಗಾಜು 30,000; ಕೂಲಿ 70,000; ಪೇಂಟ್ 60,000. ಒಟ್ಟು 4,60,000. ಮೇಲುನೋಟಕ್ಕೆ ಗೆರೆ ದಾಟಿತು. ಈಗ ಸವಕಳಿ ಕಳೆಯಿರಿ. ಈ ವಯಸ್ಸಿನ ಕಾರಿನ ಲೋಹಕ್ಕೆ ಶೇ 25, ಉಳಿಯುವುದು 1,35,000. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ 50, ಉಳಿಯುವುದು 60,000. ಗಾಜಿಗೆ ಸವಕಳಿ ಇಲ್ಲ. ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ, ಉಳಿಯುವುದು 52,500. ಕೂಲಿ ಪೂರ್ತಿ. ಕೂಡಿಸಿದರೆ 3,47,500. ಮೇಲೆ ಕಡ್ಡಾಯ ಕಡಿತ 1,000 (1500 ಸಿಸಿ ದಾಟಿದ ಕಾರಿಗೆ 2,000). ಗೆರೆ ದಾಟಲಿಲ್ಲ. ಕಂಪನಿ ರಿಪೇರಿ ಮಾಡಿಸಿ ಎನ್ನುತ್ತದೆ, ಮಾಲೀಕರ ಕೈಯಿಂದ 1,13,500 ಹೋಗುತ್ತದೆ, ಮರಳಿ ಬರುವುದು ಒಮ್ಮೆ ನಜ್ಜುಗುಜ್ಜಾದ ಕಾರು. ಅದೇ ಕಾರಿಗೆ ಬಂಪರ್ ಟು ಬಂಪರ್, ಅಂದರೆ ಶೂನ್ಯ ಸವಕಳಿಯ ರಕ್ಷಣೆ ಇದ್ದಿದ್ದರೆ ಒಪ್ಪಿದ ಮೊತ್ತ 4,59,000 ಆಗಿ ಟೋಟಲ್ ಲಾಸ್ ಸರಾಗವಾಗಿ ಬರುತ್ತಿತ್ತು. ಸಣ್ಣ ಗೀರಿಗಷ್ಟೇ ಉಪಯೋಗ ಎಂದು ಈ ರಕ್ಷಣೆಯನ್ನು ಬಿಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಗೆರೆಯ ಹತ್ತಿರ ಬಂದು ನಿಂತ ಕೇಸುಗಳಲ್ಲಿ ಮೊದಲ ಎಸ್ಟಿಮೇಟನ್ನೇ ಕೊನೆಯದೆಂದು ಒಪ್ಪಬಾರದು. ಬಿಚ್ಚಿ ನೋಡಿದ ಮೇಲೆ ಇನ್ನೊಮ್ಮೆ ಸರ್ವೇ ಮಾಡಿ ಎಂದು ಇಮೇಲ್‌ನಲ್ಲಿ ಕೇಳಿ. ಮೊದಲ ಪಟ್ಟಿಯಲ್ಲಿ ತಪ್ಪಿಹೋಗುವವು ಸಾಮಾನ್ಯವಾಗಿ ಇವು: ಮುಂದಿನ ಚಾಸಿ ಲೆಗ್ ಬಾಗಿರುವುದು, ಪಿಲ್ಲರ್ ಸುಕ್ಕು ಬಿದ್ದಿರುವುದು, ಸ್ಟೀರಿಂಗ್ ರ‍್ಯಾಕ್, ಸಬ್‌ಫ್ರೇಮ್, ಗೇರ್‌ಬಾಕ್ಸ್ ಹೊರಕವಚದ ಬಿರುಕು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಚೀಲವೊಂದನ್ನೇ ಬರೆದು ಕೈಬಿಡುವುದುಂಟು. ಅದರ ಕಂಟ್ರೋಲ್ ಮಾಡ್ಯೂಲ್, ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್, ಸೀಟ್‌ಬೆಲ್ಟ್ ಪ್ರಿಟೆನ್ಶನರ್, ಡ್ಯಾಶ್‌ಬೋರ್ಡ್ ಕೂಡ ಬದಲಾಗಬೇಕಾಗಬಹುದು. ಎಸ್ಟಿಮೇಟಿನಲ್ಲಿ ಜಿಎಸ್‌ಟಿ ಸೇರಿರಲಿ.

ಇಂಥ ಹೊತ್ತಿನಲ್ಲಿ ‘ಕ್ಯಾಶ್ ಲಾಸ್’ ಎಂಬ ಮಾತು ಬರುತ್ತದೆ: ರಿಪೇರಿ ಮಾಡಿಸದೆ, ಒಪ್ಪಿದ ಮೊತ್ತದಲ್ಲಿ ಜಿಎಸ್‌ಟಿ ಮತ್ತು ಇನ್ನಷ್ಟು ಕಳೆದು ಹಣ ತೆಗೆದುಕೊಂಡು ಮುಗಿಸುವುದು. ಹತ್ತು ವರ್ಷದ ಕಾರಿಗೆ ಇದು ಸರಿಹೋಗಬಹುದು. ಹೊಸ ಕಾರಿಗೆ ಬೇಡ.

ನೀರು ಹೊಕ್ಕ ಕಾರು

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಸಮುದ್ರ ಸೇರುವ ಕಡೆಯ ಊರುಗಳಲ್ಲಿ ಕಾರಿಗೆ ನುಗ್ಗುವ ನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಸಿಹಿನೀರಲ್ಲಿ ಮುಳುಗಿದ ವೈರಿಂಗ್ ಒಣಗಿಸಿದರೆ ಕೆಲವೊಮ್ಮೆ ನಡೆಯುತ್ತದೆ. ಉಪ್ಪುನೀರು ಕನೆಕ್ಟರ್ ಪಿನ್ನುಗಳನ್ನು ತಿನ್ನಲು ಶುರು ಮಾಡಿದರೆ ನಿಲ್ಲುವುದಿಲ್ಲ, ತಿಂಗಳು ಬಿಟ್ಟು ಒಂದೊಂದೇ ಸೆನ್ಸರ್ ಕೈಕೊಡುತ್ತದೆ. ಸರ್ವೇಯರ್ ‘ವೈರಿಂಗ್ ಕ್ಲೀನಿಂಗ್’ ಎಂದು ಬರೆದರೆ ಒಪ್ಪಬೇಡಿ. ಹಾರ್ನೆಸ್ (ವೈರುಗಳ ಕಟ್ಟು), ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಬಾಡಿ ಕಂಟ್ರೋಲ್ ಮಾಡ್ಯೂಲ್ ಬದಲಿಸಬೇಕು ಎಂದು ಗ್ಯಾರೇಜಿನಿಂದ ಲಿಖಿತ ಅಭಿಪ್ರಾಯ ತೆಗೆಸಿ. ನೀರು ಸೀಟಿನ ಮೇಲೆ, ಡ್ಯಾಶ್‌ಬೋರ್ಡಿನ ಮಟ್ಟಕ್ಕೆ ಬಂದಿದ್ದರೆ ಈ ಭಾಗಗಳ ಬೆಲೆಯೇ ಲೆಕ್ಕವನ್ನು ಗೆರೆಯ ಹತ್ತಿರ ತರುತ್ತದೆ.

ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿಗೆ ಹೋದ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರವಾಹ ಪಾಲಿಸಿಯಲ್ಲಿದ್ದರೂ ಈ ಎಂಜಿನ್ ಹಾನಿಯನ್ನು ‘ನೀವೇ ಮಾಡಿಕೊಂಡ ನಂತರದ ಹಾನಿ’ ಎಂದು ಹೊರಗಿಡುತ್ತಾರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದವರಿಗೆ ಅಲ್ಲಿಗೆ ಬಾಗಿಲು ಮುಚ್ಚುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ನೀರಿನ ಗೆರೆ ಕಾಣುವಂತೆ ಒಳಗೂ ಹೊರಗೂ ಫೋಟೊ ತೆಗೆದು, ಟೋ ಮಾಡಿಸಿ. ಗುಡ್ಡ ಕುಸಿತ, ಪ್ರವಾಹಗಳಲ್ಲಿ ಊರಿನ ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ ಸಿಕ್ಕರೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ.

ಟೋ ವಿಷಯದಲ್ಲಿ ಪಾಲಿಸಿ ನಮ್ಮ ಜಿಲ್ಲೆಗೆ ಸಾಲದು. ಮೂಲ ಪಾಲಿಸಿ ಕೊಡುವುದು ಒಂದು ಅಪಘಾತಕ್ಕೆ 1,500 ರೂಪಾಯಿ. ದೊಡ್ಡ ಬಾಡಿ ಕೆಲಸಕ್ಕೆ ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ ಒಯ್ಯಬೇಕಾದ ಕಾರವಾರ, ಶಿರಸಿ, ಯಲ್ಲಾಪುರದವರಿಗೆ ಅದು ಘಟ್ಟ ದಾಟಲೂ ಸಾಲುವುದಿಲ್ಲ. ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಎಷ್ಟು ಕಿಲೋಮೀಟರ್ ತನಕ ಎಂದು ಮೊದಲೇ ನೋಡಿಕೊಳ್ಳಿ. ಕಾರು ಟೋಟಲ್ ಲಾಸ್ ಆಗುವುದು ಖಚಿತವೆಂದು ಕಂಡರೆ ದೂರ ಒಯ್ಯದೆ ಹತ್ತಿರದಲ್ಲೇ ಸರ್ವೇ ಮಾಡಿಸಿ ಎಂದು ಕೇಳುವುದು ಲೇಸು. ಗ್ಯಾರೇಜಿಗೆ ಒಳಗೆ ಬಿಡುವ ಮೊದಲು ಎರಡು ವಿಷಯ ಬರೆಸಿಕೊಳ್ಳಿ: ರಿಪೇರಿ ಆಗದಿದ್ದರೆ ಎಸ್ಟಿಮೇಟ್ ಚಾರ್ಜ್ ಎಷ್ಟು, ದಿನದ ಪಾರ್ಕಿಂಗ್ ಎಷ್ಟು. ಎಸ್ಟಿಮೇಟಿನ ಇಂತಿಷ್ಟು ಪ್ರತಿಶತ ಎಂದು ಕೇಳುವ ಕಡೆಗಳಿವೆ, ಐದು ಲಕ್ಷದ ಎಸ್ಟಿಮೇಟಿಗೆ ಅದು ಸಣ್ಣ ಮೊತ್ತವಲ್ಲ.

ಸರ್ವೇ

ಹಾನಿ 50,000 ದಾಟಿದ ಮೋಟಾರ್ ಕ್ಲೇಮಿಗೆ ಪರವಾನಗಿ ಪಡೆದ ಸರ್ವೇಯರ್ ಬೇಕು. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಗಡುವು ಹಾಕಿದೆ. ವರದಿಯ ಪ್ರತಿ ಕೇಳಿ ಪಡೆಯಿರಿ. ಅದು ಕೈಗೆ ಬರದೆ ಯಾವ ಮೊತ್ತಕ್ಕೂ ಒಪ್ಪಿಗೆ ಕೊಡಬೇಡಿ, ಏಕೆಂದರೆ ಎಲ್ಲಿ ಕಡಿಮೆಯಾಗಿದೆ ಎಂಬುದು ಅದರಲ್ಲಷ್ಟೇ ಕಾಣುತ್ತದೆ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕರಾವಳಿಯ ಕಾರುಗಳಲ್ಲಿ ಅಡಿಭಾಗದ ತುಕ್ಕು ಸಾಮಾನ್ಯ, ತುಕ್ಕಿಗೆ ಪಾಲಿಸಿಯಲ್ಲಿ ರಕ್ಷಣೆ ಇಲ್ಲ. ಅಪಘಾತದಲ್ಲಿ ಹರಿದ ಭಾಗವನ್ನೂ ‘ಹಳೆ ತುಕ್ಕು’ ಎಂದು ಪಟ್ಟಿಯಿಂದ ತೆಗೆದರೆ, ಮುರಿದ ಜಾಗದ ಹೊಸ ಲೋಹ ಹೊಳೆಯುವ ಫೋಟೊ ತೆಗೆದು ಕಳಿಸಿ. ಮಳೆ ಗಾಳಿಗೆ ಬೇಗ ಮಾಸುತ್ತದೆ, ಮೊದಲ ದಿನವೇ ಆಗಬೇಕಾದ ಕೆಲಸ.

ಗೋಕರ್ಣ, ಮುರ್ಡೇಶ್ವರಗಳಲ್ಲಿ ಬಿಳಿ ಬೋರ್ಡಿನ ಕಾರನ್ನು ಪ್ರವಾಸಿಗರಿಗೆ ಬಾಡಿಗೆಗೆ ಓಡಿಸುವವರಿಗೆ ಒಂದು ಮಾತು: ಅದು ಪಾಲಿಸಿ ಷರತ್ತಿನ ಉಲ್ಲಂಘನೆ, ಕ್ಲೇಮ್ ತಿರಸ್ಕೃತವಾಗುವುದು ಬಹುತೇಕ ಖಚಿತ. ಆದರೂ ಪೂರ್ತಿ ಕೈಚೆಲ್ಲಬೇಕಿಲ್ಲ. ಇಂಥ ಕ್ಲೇಮನ್ನು ಸಾರಾಸಗಟಾಗಿ ತಳ್ಳಿಹಾಕದೆ ಮೊತ್ತ ಕಡಿಮೆ ಮಾಡಿ, ನಾನ್‌ಸ್ಟ್ಯಾಂಡರ್ಡ್ ಎಂದು ಇತ್ಯರ್ಥ ಮಾಡಬೇಕು ಎಂಬ 2010ರ ಅಮಲೇಂದು ಸಾಹೂ ತೀರ್ಪನ್ನು ಉಲ್ಲೇಖಿಸಿ ಬರೆಯಬಹುದು.

ಗುಜರಿ ಬೆಲೆ, ಎಲ್ಲಕ್ಕಿಂತ ದುರ್ಬಲ ಭಾಗ

ಪಾಲಿಸಿಯ ಮಾತು: ಟೋಟಲ್ ಲಾಸಿನಲ್ಲಿ ಕೊಡುವುದು ಐಡಿವಿಯಲ್ಲಿ ಹಾಳಾದ ಗಾಡಿಯ ಬೆಲೆ ಕಳೆದು ಉಳಿದದ್ದು. ಗಾಡಿ ನಿಮ್ಮದೇ ಆಗಿ ಉಳಿಯುತ್ತದೆ, ಅದನ್ನು ಮಾರಿ ಉಳಿದ ಹಣ ಮಾಡಿಕೊಳ್ಳಬೇಕು. ಮೇಲಿನ ಕಾರಿನಲ್ಲಿ ಐಡಿವಿ 4,80,000, ಕಡಿತ 1,000. ಗುಜರಿ ಬೆಲೆ 1,60,000 ಎಂದು ಹಿಡಿದರೆ ಕಂಪನಿ ಕೊಡುವುದು 3,19,000. ಆ ಗಾಡಿಗೆ ನಿಜವಾಗಿ ಸಿಕ್ಕಿದ್ದು 1,30,000 ಆದರೆ 30,000 ನಿಮ್ಮ ನಷ್ಟ.

ಬೆಲೆ ಬರುವುದು ಸಾಮಾನ್ಯವಾಗಿ ಆನ್‌ಲೈನ್ ಬಿಡ್ಡಿಂಗ್‌ನಿಂದ. ಫೋಟೊ ನೋಡಿ ಹೊರಜಿಲ್ಲೆಯ ವ್ಯಾಪಾರಿ ದೊಡ್ಡ ದರ ಕೂಗುತ್ತಾನೆ. ಕಂಪನಿ ಆ ದರವನ್ನೇ ಕಳೆದು ಕಾಗದ ಮಾಡುತ್ತದೆ. ವ್ಯಾಪಾರಿ ಘಟ್ಟ ಇಳಿದು ಬಂದು, ಅಡಿಯ ತುಕ್ಕು ತೋರಿಸಿ, ಬ್ಯಾಟರಿ ಇಲ್ಲ ಸ್ಟೆಪ್ನಿ ಇಲ್ಲ ಎಂದು ದರ ಇಳಿಸುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಅಷ್ಟರಲ್ಲಿ ಬಿಡ್ ಅವಧಿ ಮುಗಿದಿರುತ್ತದೆ, ಗ್ಯಾರೇಜಿನ ಪಾರ್ಕಿಂಗ್ ಏರುತ್ತಿರುತ್ತದೆ.

ಇಲ್ಲಿ ಹಿಡಿಯಬೇಕಾದ ವಾದ ಒಂದೇ, ಅದು ಗಟ್ಟಿಯಾದದ್ದು: ಕಳೆಯುವ ಬೆಲೆ ಯಾರಾದರೂ ನಿಜವಾಗಿ ಕೊಡುವ ಬೆಲೆಯಾಗಿರಬೇಕು. ಬಿಡ್‌ದಾರನ ಹೆಸರು, ಮೊತ್ತ, ಎಲ್ಲಿಯ ತನಕ ಊರ್ಜಿತ, ಟೋ ಮತ್ತು ಪಾರ್ಕಿಂಗ್ ಯಾರ ಖರ್ಚು, ದರ ಆರ್‌ಸಿ ಸಹಿತವೋ ರಹಿತವೋ ಎಂಬುದನ್ನು ಕಂಪನಿಯಿಂದ ಇಮೇಲ್‌ನಲ್ಲಿ ಪಡೆಯಿರಿ. ಆ ಬಿಡ್‌ದಾರ ಹಿಂದೆ ಸರಿದರೆ ಮುಂದಿನ ನಿಜ ಬಿಡ್ಡಿಗೆ ಲೆಕ್ಕ ಬದಲಿಸಬೇಕು ಎಂದು ಅದೇ ಇಮೇಲ್‌ನಲ್ಲಿ ಷರತ್ತು ಹಾಕಿ. ಜೊತೆಗೆ ಹುಬ್ಬಳ್ಳಿ, ಮಂಗಳೂರು ಕಡೆಯ ಎರಡು ಮೂರು ಗುಜರಿ ವ್ಯಾಪಾರಿಗಳಿಂದ ಗಾಡಿ ನೋಡಿ ಕೊಟ್ಟ ಲಿಖಿತ ದರ ತಂದಿಡಿ. ಮಾತುಕತೆಯಲ್ಲಿ ಹತ್ತು ಫೋನ್ ಕರೆ ಮಾಡದ ಕೆಲಸವನ್ನು ಈ ಎರಡು ಕಾಗದ ಮಾಡುತ್ತವೆ.

ಆರ್‌ಸಿ ವಿಷಯ ಪ್ರತ್ಯೇಕವಾಗಿ ನೋಡಬೇಕು. ಆರ್‌ಸಿ ಇರುವ ಗಾಡಿಗೆ ಬೆಲೆ ಹೆಚ್ಚು, ಏಕೆಂದರೆ ಕೊಂಡವನು ಕಟ್ಟಿ ಮತ್ತೆ ರಸ್ತೆಗೆ ಇಳಿಸಬಹುದು. ಆರ್‌ಸಿ ರದ್ದಾದರೆ ಅದು ಬಿಡಿಭಾಗ ಮತ್ತು ಕಬ್ಬಿಣದ ಬೆಲೆ. ಕಂಪನಿ ಆರ್‌ಸಿ ರದ್ದು ಮಾಡಿಸಿ ತನ್ನಿ ಎಂದು ಹೇಳಿ, ಬೆಲೆಯನ್ನು ಮಾತ್ರ ಆರ್‌ಸಿ ಸಹಿತ ದರದಲ್ಲಿ ಕಳೆದರೆ ಅದು ನ್ಯಾಯವಲ್ಲ. ರದ್ದು ಕಡ್ಡಾಯವೆಂದರೆ ದರವೂ ರಹಿತದ್ದೇ ಆಗಬೇಕು ಎಂದು ಬರೆದು ಕೇಳಿ.

ಗಾಡಿ ಗ್ಯಾರೇಜಿನಲ್ಲಿ ನಿಂತ ದಿನವೇ ಟಯರ್, ಸ್ಟೆಪ್ನಿ, ಬ್ಯಾಟರಿ, ಸ್ಟೀರಿಯೊ, ಇಸಿಯು, ಕ್ಯಾಟಲಿಟಿಕ್ ಕನ್ವರ್ಟರ್ ಇವೆಯೆಂದು ಪಟ್ಟಿ ಮಾಡಿ ಗ್ಯಾರೇಜಿನ ಸಹಿ ತೆಗೆದುಕೊಳ್ಳಿ. ಆಮೇಲೆ ದರ ಇಳಿಸಲು ಬರುವ ನೆಪಗಳಲ್ಲಿ ಅರ್ಧ ಹೋಗುತ್ತವೆ.

ಆರ್‌ಟಿಒ ಮತ್ತು ಬ್ಯಾಂಕು

ಗುಜರಿಗೆ ಕೊಟ್ಟ ಕಾರು ನಿಮ್ಮ ಹೆಸರಲ್ಲೇ ಉಳಿದು, ಯಾರೋ ಕಟ್ಟಿ ಓಡಿಸಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೇ ಬರುತ್ತದೆ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹಾಗಾಗಿ ಹಣ ಖಾತೆಗೆ ಬರುವ ಮೊದಲು ಗಾಡಿಯನ್ನೂ ಆರ್‌ಸಿಯನ್ನೂ ಕೈಬಿಡಬಾರದು. ಹೆಸರು ವರ್ಗದ ಫಾರ್ಮ್ 29 ಮತ್ತು 30, ಕೊಂಡವರ ಗುರುತಿನ ಚೀಟಿ, ದಿನಾಂಕ ಸಮಯ ಬರೆದ ಡೆಲಿವರಿ ನೋಟ್ ಇರಬೇಕು, ಹೆಸರು ವರ್ಗವಾದದ್ದನ್ನು ಆನ್‌ಲೈನ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು. ಬೇರೆ ರಾಜ್ಯದವರು ಕೊಂಡರೆ ಫಾರ್ಮ್ 28ರ ಎನ್‌ಒಸಿ ಬೇಕು. ಗೋವಾದ ವ್ಯಾಪಾರಿಗಳು ಬರುವ ಕಾರವಾರದಲ್ಲಿ ಇದು ಮುಖ್ಯ. ರದ್ದು ಮಾಡಿಸುವುದಾದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನದೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ ನೋಂದಣಿ ಕಚೇರಿಗೆ ತಿಳಿಸಬೇಕು. ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಕೆಎ 65 ದಾಂಡೇಲಿ. ಫಾಸ್ಟ್ಯಾಗ್ ಮುಚ್ಚಿಸಿ.

ಸಾಲ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಉಳಿದದ್ದು ನಿಮಗೆ. ಕ್ಲೇಮ್ ನಡೆಯುತ್ತಿದೆಯೆಂದು ಕಂತು ನಿಲ್ಲಿಸಿದರೆ ದಂಡ ಬೀಳುತ್ತದೆ. ಸಾಲ ಮುಗಿಸುವ ಲೆಕ್ಕಪತ್ರ, ನಂತರ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35. ಇವಿಲ್ಲದೆ ಹೆಸರು ವರ್ಗವಾಗದು, ಗುಜರಿ ವ್ಯಾಪಾರಿಯೂ ಕಾಯುವುದಿಲ್ಲ. ಈ ಕಾಗದಗಳಿಗೆ ಎಷ್ಟು ದಿನ ಎಂದು ಬ್ಯಾಂಕನ್ನು ಮೊದಲ ವಾರವೇ ಕೇಳಿಡಬೇಕು.

ಒಪ್ಪಿಗೆಯಾಗದಿದ್ದರೆ

ಡಿಸ್ಚಾರ್ಜ್ ವೋಚರ್‌ಗೆ, ಅಂದರೆ ಹಣ ಪಡೆದು ಕ್ಲೇಮ್ ಮುಗಿಯಿತೆಂದು ಕೊಡುವ ಕಾಗದಕ್ಕೆ, ಸಹಿ ಹಾಕಿದರೆ ಎಲ್ಲ ಮುಗಿಯಿತು ಎಂದು ಹೆದರಬೇಕಿಲ್ಲ. ಹೆಚ್ಚಿನ ಪರಿಹಾರ ಕೇಳುವ ಹಕ್ಕು ಆ ಸಹಿಯಿಂದ ಹೋಗುವುದಿಲ್ಲ ಎಂದು ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ತಿಳಿಸಿದೆ. ಆದರೂ ‘ಗುಜರಿ ಬೆಲೆಯ ಬಗ್ಗೆ ಆಕ್ಷೇಪಣೆ ಉಳಿಸಿಕೊಂಡು ಈ ಮೊತ್ತ ಸ್ವೀಕರಿಸಿದ್ದೇನೆ’ ಎಂದು ಸಹಿಯ ಮೇಲೆ ಬರೆದು, ಫೋಟೊ ತೆಗೆದು, ಅದೇ ದಿನ ಇಮೇಲ್ ಮಾಡುವುದು ಕ್ಷೇಮ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ, ಇಲ್ಲವೇ 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಸಮಾಧಾನ ಸಿಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದ ತನಕದ ಪರಿಹಾರ ಕೊಡಬಹುದು, ಆದೇಶ ಕಂಪನಿಯನ್ನು ಕಟ್ಟುತ್ತದೆ. ಕಂಪನಿಯ ತಿರಸ್ಕಾರ ಬಂದ ಒಂದು ವರ್ಷದೊಳಗೆ ಹೋಗಬೇಕು. ಗುಜರಿ ಬೆಲೆ, ಸವಕಳಿ ಲೆಕ್ಕದಂಥ ಅಂಕಿಯ ತಕರಾರಿಗೆ ಇದೇ ಸರಿಯಾದ ಜಾಗ. ಹಣ ತಡವಾಗಿದ್ದರೆ ಬ್ಯಾಂಕ್ ದರದ ಮೇಲೆ ಶೇ 2 ಬಡ್ಡಿ ಸೇರಿಸಿ ಕೇಳಿ. ಕೇಳದವರಿಗೆ ಅದನ್ನು ತಾವಾಗಿ ಲೆಕ್ಕ ಹಾಕಿ ಕೊಡುವುದು ಅಪರೂಪ.

ಪೂರ್ತಿ ತಿರಸ್ಕೃತವಾದ, ಸಾಕ್ಷಿ ಬೇಕಾಗುವ ಕೇಸಿಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಆಯೋಗದ ವ್ಯಾಪ್ತಿಯನ್ನು ನೀವು ಕೊಟ್ಟ ಪ್ರೀಮಿಯಂ ಮೇಲೆ ಲೆಕ್ಕ ಹಾಕುವುದರಿಂದ ಕಾರಿನ ಕೇಸು ಜಿಲ್ಲೆಯಲ್ಲೇ ನಿಲ್ಲುತ್ತದೆ, 5 ಲಕ್ಷದೊಳಗಿನ ಪ್ರೀಮಿಯಂಗೆ ಶುಲ್ಕವೂ ಇಲ್ಲ. ಕಾಲಮಿತಿ ಎರಡು ವರ್ಷ. ಶಿರಸಿ, ಸಿದ್ದಾಪುರ, ಮುಂಡಗೋಡದವರು ಅರ್ಜಿ ಕೊಡಲೆಂದೇ ಘಟ್ಟ ಇಳಿಯಬೇಕಿಲ್ಲ, ಆನ್‌ಲೈನ್‌ನಲ್ಲಿ ದಾಖಲಿಸಬಹುದು. ಸರ್ವೇ ವರದಿ, ಬಿಡ್ಡಿನ ಇಮೇಲ್, ವ್ಯಾಪಾರಿಗಳ ಲಿಖಿತ ದರ, ಗ್ಯಾರೇಜಿನ ಪಟ್ಟಿ, ಆಕ್ಷೇಪಣೆ ಬರೆದ ವೋಚರ್, ಇವಿಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ.